ನಿಮಗಿದು ಗೊತ್ತೇ? ಏಳಡಿ ಎರಡಿಂಚಿನ ಪೇತುರ್ ಮತ್ತು ಬಿರ್ಲಾದ ಹುಡುಗನ ಪ್ರಶ್ನೆ

ಗೋವಾದ ಝುವಾರಿನಗರದ ಕನ್ನಡದವರು ತಮ್ಮ ಊರಿಗೆ ‘ಝುವಾರಿನಗರ’ ಅನ್ನುವುದು ಅರ್ಜಿ ಫಾರ್ಮಿನಲ್ಲಿ ಮಾತ್ರ. ಬಾಯಿಮಾತಿನಲ್ಲಿ ಅದು ‘ಬಿರ್ಲಾ’. ಕೆ.ಕೆ. ಬಿರ್ಲಾ ಅವರ ರಸಗೊಬ್ಬರ ಕಾರ್ಖಾನೆಯಿಂದ ಅಂಟಿಕೊಂಡ ಹೆಸರು. ಹುಟ್ಟೂರಲ್ಲಿ ಅದೇ ಕಾರ್ಖಾನೆಯ ‘ಜೈ ಕಿಸಾನ್’ ಚೀಲ ಬಿಚ್ಚಿ ಹೊಲಕ್ಕೆ ಗೊಬ್ಬರ ಹಾಕಿದವರ ಮಕ್ಕಳು, ಆ ಚೀಲ ತುಂಬುವ ಊರಿಗೇ ದುಡಿಯಲು ಬಂದು ನೆಲೆಸಿದ್ದಾರೆ. 2004ರಲ್ಲಿ ಪಕ್ಕದಲ್ಲೇ ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್ ಬಂತು. ಅಲ್ಲಿ ‘ಸ್ಪ್ರೀ’ ಅನ್ನೋ ಕ್ರೀಡಾ ಹಬ್ಬ ನಡೆದಾಗ ಎಲ್ಲೆಲ್ಲಿಂದಲೋ ಹುಡುಗರು ಆಡಲು ಬರುತ್ತಾರೆ. ಉದ್ದ ಉದ್ದ ಹುಡುಗರು, ಹೆಗಲಲ್ಲಿ ಚೀಲ, ಕೈಯಲ್ಲಿ ಕಿತ್ತಳೆ ಬಣ್ಣದ ಚೆಂಡು.

ಅದನ್ನು ನೋಡಿದ ನಮ್ಮ ಓಣಿಯ ಐದನೇ ಇಯತ್ತೆಯ ಹುಡುಗನೊಬ್ಬ ಕೇಳಿದ: “ಕಾಕಾ, ಎತ್ತರ ಇಲ್ದವ್ರಿಗೆ ಬ್ಯಾಸ್ಕೆಟ್‌ಬಾಲ್ ಆಡಾಕ ಬರಂಗಿಲ್ಲೇನ್ರೀ?”

ಒಂದು ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಹುಡುಕುತ್ತಾ ಹೋದವನು ಐಸ್‌ಲ್ಯಾಂಡ್ ತನಕ ಹೋಗಿಬಿಟ್ಟೆ. ಸಿಕ್ಕಿದ್ದನ್ನೆಲ್ಲ ಇಲ್ಲಿ ಸುರಿಯುತ್ತಿದ್ದೇನೆ.

★

ಐಸ್‌ಲ್ಯಾಂಡಿನ ಒಟ್ಟು ಜನಸಂಖ್ಯೆ 4 ಲಕ್ಷ ಕೂಡ ಇಲ್ಲ ಅಂತ ಗೊತ್ತೇ? 2011ರ ಜನಗಣತಿಯಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ 9 ಲಕ್ಷ ದಾಟಿತ್ತು. ಪುಟ್ಟ ಗೋವಾದಲ್ಲಿ 14 ಲಕ್ಷ ಚಿಲ್ಲರೆ. ಅಂದರೆ ಅವಳಿ ನಗರದ ಅರ್ಧದಷ್ಟೂ ಜನರಿಲ್ಲದ ಒಂದು ಪೂರಾ ದೇಶ.

★

ಡಿಸೆಂಬರಿನಲ್ಲಿ ಆ ದೇಶದ ರಾಜಧಾನಿ ರೇಕ್ಯಾವಿಕ್‌ನಲ್ಲಿ ಹಗಲು ಇರುವುದು ಸುಮಾರು ನಾಲ್ಕು ತಾಸು. ಹೊರಗೆ ಗಾಳಿ, ಹಿಮ, ಕತ್ತಲೆ. ಆಡುವವರು ಸೂರಿನಡಿಯೇ ಆಡಬೇಕು. ಹ್ಯಾಂಡ್‌ಬಾಲ್, ಬ್ಯಾಸ್ಕೆಟ್‌ಬಾಲ್ ಅಲ್ಲಿ ಬೇರೂರಲು ಈ ಕತ್ತಲೆಯ ಪಾಲೂ ಇದೆ. ಇನ್ನೊಂದು ಪಾಲು ಅಮೆರಿಕದ ಸೈನಿಕರದು. ಕೆಫ್ಲಾವಿಕ್‌ನಲ್ಲಿ 1951ರಿಂದ 2006ರವರೆಗೆ ಅಮೆರಿಕದ ಸೇನಾ ನೆಲೆ ಇತ್ತು. ಸುತ್ತಲಿನ ಕೆಫ್ಲಾವಿಕ್, ನ್ಯಾರ್ದ್ವಿಕ್, ಗ್ರಿಂಡಾವಿಕ್ ಎಂಬ ಮೀನುಗಾರರ ಊರುಗಳು ಬ್ಯಾಸ್ಕೆಟ್‌ಬಾಲಿನ ಗಟ್ಟಿ ಊರುಗಳಾದವು. ದಾಬೋಳಿಯ ನೌಕಾನೆಲೆಯ ಮಗ್ಗುಲಲ್ಲಿ ಬದುಕುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಅಲ್ಲಿನ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಹುಟ್ಟಿದ್ದು 1961ರಲ್ಲಿ. ಪೋರ್ಚುಗೀಸರು ಗೋವಾ ಬಿಟ್ಟುಹೋದ ವರ್ಷವೂ ಅದೇ.

★

ಐಸ್‌ಲ್ಯಾಂಡಿನವರಿಗೆ ಅಡ್ಡಹೆಸರು, ಮನೆತನದ ಹೆಸರು ಇಲ್ಲವೆಂದೇ ಹೇಳಬೇಕು. ತಂದೆಯ ಹೆಸರಿಗೆ ಗಂಡಾದರೆ ‘ಸನ್’, ಹೆಣ್ಣಾದರೆ ‘ದೋತ್ತಿರ್’ ಸೇರಿಸುತ್ತಾರೆ, ಮುಗಿಯಿತು. ಗುಡ್ಮುಂಡುರ್‌ನ ಮಗ ಗುಡ್ಮುಂಡ್ಸನ್. ಟೆಲಿಫೋನ್ ಡೈರೆಕ್ಟರಿಯಲ್ಲೂ ಅವರನ್ನು ಹುಡುಕುವುದು ಸ್ವಂತ ಹೆಸರಿನಿಂದಲೇ. ನಮ್ಮ ಕಡೆ ಉತಾರದಲ್ಲಿ, ಪೊಲೀಸ್ ದಾಖಲೆಯಲ್ಲಿ ‘ಬಸಪ್ಪ ತಂದೆ ಯಲ್ಲಪ್ಪ’ ಅಂತ ಬರೆಯುತ್ತಾರಲ್ಲ, ಅದೇ ಲೆಕ್ಕ. ಅವರು ‘ತಂದೆ’ ಅನ್ನುವುದನ್ನು ಜೆರ್ಸಿಯ ಬೆನ್ನ ಮೇಲೆ ಹಾಕಿಕೊಂಡರು, ಅಷ್ಟೇ ವ್ಯತ್ಯಾಸ.

★

ಈಗ ಪೇತುರ್ ತಂದೆ ಗುಡ್ಮುಂಡುರ್ ಕಡೆ ಬರೋಣ.

ಪೇತುರ್ ಗುಡ್ಮುಂಡ್ಸನ್ 1958ರಲ್ಲಿ ರೇಕ್ಯಾವಿಕ್‌ನಲ್ಲಿ ಹುಟ್ಟಿದರು. ಎತ್ತರ 7 ಅಡಿ 2 ಇಂಚು, ಅಂದರೆ 2.18 ಮೀಟರ್. ಬ್ಯಾಸ್ಕೆಟ್‌ಬಾಲಿನ ರಿಂಗ್ ನೆಲದಿಂದ 3.05 ಮೀಟರ್ ಮೇಲಿರುತ್ತದೆ. ಪೇತುರ್ ನೆಟ್ಟಗೆ ನಿಂತರೆ ನೆತ್ತಿಗೂ ರಿಂಗಿಗೂ ನಡುವೆ ಉಳಿಯುವುದು 87 ಸೆಂಟಿಮೀಟರ್. ಒಂದು ಮಾರೂ ಅಲ್ಲ, ಎರಡು ಮೊಳಕ್ಕಿಂತ ಕಡಿಮೆ.

ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋಗಿ ಓದಿ, ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಆಡಿದರು. ಆಮೇಲೆ ಅರ್ಜೆಂಟೀನಾದ ರಿವರ್ ಪ್ಲೇಟ್ (ಹೌದು, ಫುಟ್‌ಬಾಲಿಗೆ ಹೆಸರಾದ ಅದೇ ಕ್ಲಬ್), ಆಮೇಲೆ ತಾಯ್ನಾಡಿನ ವಾಲುರ್. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ 1981ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ವ್ಯವಸ್ಥೆ) ಪೋರ್ಟ್‌ಲ್ಯಾಂಡ್ ತಂಡ ಅವರನ್ನು 61ನೆಯವರಾಗಿ ಆರಿಸಿಕೊಂಡಿತು. ಎನ್‌ಬಿಎ ಆಡಿದ ಮೊದಲ ಐಸ್‌ಲ್ಯಾಂಡಿಗ ಇವರೇ. ಯುರೋಪಿನಿಂದ ಅಲ್ಲಿಗೆ ಹೋದವರನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲ ಅದು. ಮೊದಲ ಸೀಸನ್‌ನಲ್ಲೇ 68 ಪಂದ್ಯ.

ಇದಕ್ಕೆ ಅವರು ತೆತ್ತ ಬೆಲೆ ಗೊತ್ತೇ? ಆಗ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಕೂಟಗಳಲ್ಲಿ ಎನ್‌ಬಿಎ ಆಟಗಾರರಿಗೆ ಬಾಗಿಲು ಮುಚ್ಚಿತ್ತು. ಎನ್‌ಬಿಎ ದುಡ್ಡಿಗೆ ಆಡಿದವನು ದೇಶಕ್ಕೆ ಆಡಕೂಡದು. ಎನ್‌ಬಿಎ ಕಾಗದಕ್ಕೆ ಸಹಿ ಬಿದ್ದ ಮೇಲೆ, ದೇಶದಲ್ಲೇ ಅತಿ ಎತ್ತರದ, ಅತಿ ದೊಡ್ಡ ಹೆಸರಿನ ಆಟಗಾರ ವರ್ಷಗಟ್ಟಲೆ ತನ್ನ ದೇಶದ ಜೆರ್ಸಿ ತೊಡಲಾಗಲಿಲ್ಲ. ಫಿಬಾ ಈ ನಿಯಮ ಕಿತ್ತುಹಾಕಿದ್ದು 1989ರ ಏಪ್ರಿಲ್‌ನಲ್ಲಿ. ಅದರಿಂದ ಜಗತ್ತಿಗೆ ಸಿಕ್ಕಿದ್ದು 1992ರ ಒಲಿಂಪಿಕ್ಸ್‌ನಲ್ಲಿ ಮೈಕಲ್ ಜೋರ್ಡನ್ ಇದ್ದ ಅಮೆರಿಕದ ‘ಡ್ರೀಮ್ ಟೀಮ್’. ಪೇತುರ್‌ಗೆ ಸಿಕ್ಕಿದ್ದು ಮೂವತ್ತು ದಾಟಿದ ಮೇಲೆ ಮತ್ತೆ ದೇಶದ ತಂಡ. 4 ಲಕ್ಷ ಜನರಿಲ್ಲದ ನಾಡಿಗೆ ಅಷ್ಟು ವರ್ಷ ಒಬ್ಬ ಏಳಡಿಯ ಆಳು ತಪ್ಪಿದ್ದು ಸಣ್ಣ ನಷ್ಟವಲ್ಲ. ಸಂಸ್ಥೆಯ ಲೆಕ್ಕದಲ್ಲಿ ಇಂಥ ನಷ್ಟಕ್ಕೆ ಕಾಲಮ್ಮೇ ಇರುವುದಿಲ್ಲ.

★

ಇದು ಇನ್ನೂ ತಮಾಷೆ. ಪೇತುರ್ ಮುಂದೆ ಲಾಸ್ ಏಂಜಲಿಸ್ ಲೇಕರ್ಸ್ ಸೇರಿದರು. ಮ್ಯಾಜಿಕ್ ಜಾನ್ಸನ್, ಕರೀಂ ಅಬ್ದುಲ್ ಜಬ್ಬಾರ್ ಇದ್ದ ತಂಡ. 1987ರ ಫೆಬ್ರವರಿಯಲ್ಲಿ ಲೇಕರ್ಸ್‌ಗೆ ಸ್ಯಾನ್ ಆಂಟೋನಿಯೊ ತಂಡದ ಮೈಕಲ್ ಥಾಂಪ್ಸನ್ ಬೇಕಾದರು. ಬದಲಿಗೆ ಕೊಟ್ಟದ್ದು ಪೇತುರ್, ಇನ್ನೊಬ್ಬ ಆಟಗಾರ, ಡ್ರಾಫ್ಟ್ ಹಕ್ಕುಗಳು ಮತ್ತು ಮೇಲಿಷ್ಟು ನಗದು. ಎತ್ತಿನ ಜೋಡಿ ಬದಲಾಯಿಸುವಾಗ ‘ಮ್ಯಾಲ ಇಷ್ಟು ರೊಕ್ಕ ಹಾಕ್ರಿ’ ಅನ್ನುವ ಜಾತ್ರೆಯ ವ್ಯವಹಾರದಂತೆ. ಆ ಥಾಂಪ್ಸನ್ ಹಿಂದೆ ಪೋರ್ಟ್‌ಲ್ಯಾಂಡ್‌ನಲ್ಲಿ ಪೇತುರ್ ಜತೆಗೇ ಆಡಿದ್ದವರು. ಲೇಕರ್ಸ್ 1987 ಮತ್ತು 1988ರಲ್ಲಿ ಚಾಂಪಿಯನ್ ಆಯಿತು. ಮುಂದೆ ಗೋಲ್ಡನ್ ಸ್ಟೇಟ್ ಪರ ನಾಲ್ಕು ಪ್ರಶಸ್ತಿ ಗೆದ್ದ ಕ್ಲೇ ಥಾಂಪ್ಸನ್ ಇದೇ ಥಾಂಪ್ಸನ್‌ರ ಮಗ.

2001ರಲ್ಲಿ ಐಸ್‌ಲ್ಯಾಂಡ್ ತನ್ನ 20ನೇ ಶತಮಾನದ ಅತ್ಯುತ್ತಮ ಆಟಗಾರ ಯಾರೆಂದು ಸಾರಿದಾಗ ಬಂದ ಹೆಸರು ಪೇತುರ್. ಮಹಿಳೆಯರಲ್ಲಿ ಕೆಫ್ಲಾವಿಕ್‌ನ ಅನ್ನಾ ಮರಿಯಾ ಸ್ವೈನ್ಸ್‌ದೋತ್ತಿರ್.

★

7 ಅಡಿ 2 ಇಂಚಿನ ಇನ್ನೊಬ್ಬರು ನಮ್ಮವರೇ. ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್. 2015ರಲ್ಲಿ ಡಲ್ಲಾಸ್ ತಂಡ ಅವರನ್ನು 52ನೆಯವರಾಗಿ ಆರಿಸಿತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಪೇತುರ್‌ಗಿಂತ ಒಂಬತ್ತು ಸ್ಥಾನ ಮೇಲೆ! ಆದರೆ ಎನ್‌ಬಿಎಯಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಆಮೇಲೆ ಅಮೆರಿಕದ ವೃತ್ತಿಪರ ಕುಸ್ತಿ ಅಖಾಡಕ್ಕೆ ಇಳಿದರು.

2003ರಲ್ಲಿ ಅದೇ ಡಲ್ಲಾಸ್, ಐಸ್‌ಲ್ಯಾಂಡಿನ ಯೋನ್ ಆರ್ನೋರ್ ಸ್ಟೆಫಾನ್ಸನ್ ಅವರನ್ನು ಸೇರಿಸಿಕೊಂಡಿತ್ತು. ಅವರೂ ಇಡೀ ಸೀಸನ್ ಬೆಂಚಿಗೇ ಸೈ, ಲೀಗ್ ಪಂದ್ಯ ಒಂದೂ ಇಲ್ಲ. ವ್ಯತ್ಯಾಸ ಆಮೇಲೆ ಕಂಡಿತು. ಯೋನ್ ಯುರೋಪಿಗೆ ಮರಳಿ ರಷ್ಯಾ, ಇಟಲಿ, ಸ್ಪೇನ್‌ಗಳಲ್ಲಿ ವರ್ಷಗಟ್ಟಲೆ ಆಡಿದರು. ಮರಳಿ ಬಂದವನಿಗೆ ಆಡಲು ಲೀಗ್‌ಗಳಿದ್ದವು. ನಮ್ಮ ಸತ್ನಾಮ್‌ಗೆ ಮನೆಯಲ್ಲಿ ಅಂಥದ್ದೊಂದು ಲೀಗ್ ಎಲ್ಲಿತ್ತು? ಅಂದಹಾಗೆ ಯೋನ್ ಅವರ ಅಣ್ಣ ಓಲಾಫುರ್, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಹ್ಯಾಂಡ್‌ಬಾಲ್ ತಂಡದವರು.

★

ಕುರಿ ಕಾಯುವ ಮನೆಯ ಹುಡುಗ. ಹೆಸರು ಟ್ರಿಗ್ವಿ ಹ್ಲಿನಾಸನ್, ಎತ್ತರ 2.16 ಮೀಟರ್. ಐಸ್‌ಲ್ಯಾಂಡಿನ ಒಳನಾಡಿನಲ್ಲಿ ಕುರಿ ಸಾಕಣೆಯ ಹೊಲಮನೆಯಲ್ಲಿ ಬೆಳೆದ ಇವರು ಬ್ಯಾಸ್ಕೆಟ್‌ಬಾಲ್ ಆಡಲು ಶುರುಮಾಡಿದ್ದು ಹದಿನಾರರ ಆಸುಪಾಸಿನಲ್ಲಿ, ಓದಲು ಪಟ್ಟಣಕ್ಕೆ ಹೋದಾಗ. 2017ರ ಹೊತ್ತಿಗೆ ಸ್ಪೇನಿನ ವಲೆನ್ಸಿಯಾ ತಂಡ! ನಮ್ಮ ಕುರುಬರ ಹಟ್ಟಿಯ ಹುಡುಗರಲ್ಲೂ ಆರಡಿ ದಾಟಿದವರು ಉಂಟು. ಪಟ್ಟಣಕ್ಕೆ ಬಂದಾಗ ಅವರ ಕೈಗೆ ಚೆಂಡು ಕೊಡುವವರು ಯಾರು ಅನ್ನುವುದೇ ಪ್ರಶ್ನೆ.

★

ಆಟಗಾರನಾಗಿ ಹತ್ತು ಸಲ ರಾಷ್ಟ್ರೀಯ ಚಾಂಪಿಯನ್. ಹತ್ತೂ ಒಂದೇ ಊರಿಗೆ. ನ್ಯಾರ್ದ್ವಿಕ್‌ನ ಟೇಟುರ್ ಓರ್ಲಿಗ್ಸನ್ ಅವರ ದಾಖಲೆ ಇದು. ಕೋಚ್ ಆದ ಮೇಲೆ ಹಿಡಿದದ್ದು ಪ್ರಶಸ್ತಿ ಕಾಣದ ‘ಸ್ಟ್ಯಾರ್ನಾನ್’ ಎಂಬ ತಂಡವನ್ನು. ಹೆಸರಿನ ಅರ್ಥ ‘ನಕ್ಷತ್ರ’. 2009ರ ಕಪ್ ಫೈನಲ್‌ನಲ್ಲಿ ಆ ನಕ್ಷತ್ರ, ಯೋನ್ ಆರ್ನೋರ್ ಇದ್ದ ಬಲಾಢ್ಯ ಕೆಆರ್ ತಂಡವನ್ನೇ ಕೆಡವಿತು.

★

ಕೋಚ್ ಹುದ್ದೆಯ ಬಗ್ಗೆ ಮಾತು ಬಂತಲ್ಲ, ಕೇಳಿ. ಸೌದಾರ್‌ಕ್ರೋಕುರ್ ಅಂತ ಉತ್ತರ ಐಸ್‌ಲ್ಯಾಂಡಿನಲ್ಲೊಂದು ಊರು. ಜನ ಎರಡೂವರೆ ಸಾವಿರದ ಮೇಲೊಂದಿಷ್ಟು. ಬಿರ್ಲಾದ ನಾಲ್ಕು ಓಣಿ ಸೇರಿಸಿದರೆ ಅಷ್ಟಾಗುತ್ತದೆ. ಆ ಊರಿನ ಕ್ಲಬ್ಬಿಗೆ ಹತ್ತಿರದ ಬೆಟ್ಟದ ಹೆಸರು, ಟಿಂಡಾಸ್ಟೋಲ್. ಎನ್‌ಬಿಎ ಮುಗಿಸಿ ಬಂದ ಪೇತುರ್ ಕೂಡ ಇಲ್ಲಿ ಆಡಿದ್ದುಂಟು. ಆದರೂ ರಾಷ್ಟ್ರೀಯ ಪ್ರಶಸ್ತಿ ಮಾತ್ರ ಒಲಿದಿರಲಿಲ್ಲ.

ಆ ಬರ ನೀಗಿಸಿದ ಕೋಚ್ ಪಾವೆಲ್ ಎರ್ಮೋಲಿನ್ಸ್ಕಿ ರಷ್ಯಾ ಮೂಲದವರು. ತಂದೆ ಅಲೆಕ್ಸಾಂಡರ್ ಆಡಲೆಂದು ಐಸ್‌ಲ್ಯಾಂಡಿಗೆ ಬಂದು ಅಲ್ಲಿನ ರಾಷ್ಟ್ರೀಯ ತಂಡಕ್ಕೂ ಆಡಿದರು, ಮಗನೂ ಆಡಿದ. ಕೆಆರ್ ಜತೆ ಪ್ರಶಸ್ತಿ ಮೇಲೆ ಪ್ರಶಸ್ತಿ. 2022ರಲ್ಲಿ ವಾಲುರ್ ಜತೆ ಇನ್ನೊಂದು. ಅದು 1983ರ ನಂತರ ವಾಲುರ್‌ಗೆ ಸಿಕ್ಕ ಮೊದಲನೆಯದು. ಅಲ್ಲಿಗೆ ಆಟ ಸಾಕು ಎಂದರು. 2023ರ ಆರಂಭದಲ್ಲಿ ಟಿಂಡಾಸ್ಟೋಲ್‌ಗೆ ಕೋಚ್ ಆದರು. ನಾಲ್ಕೇ ತಿಂಗಳಲ್ಲಿ ತಂಡ ಫೈನಲ್‌ಗೆ ಬಂತು. ಎದುರಾಳಿ ಯಾರು? ತಾವೇ ಹಿಂದಿನ ವರ್ಷ ಗೆಲ್ಲಿಸಿದ್ದ ವಾಲುರ್! ಐದು ಪಂದ್ಯಗಳ ಹಣಾಹಣಿ, 3-2. ಬೆಟ್ಟದ ಹೆಸರಿನ ತಂಡಕ್ಕೆ ಇತಿಹಾಸದ ಮೊದಲ ಕಿರೀಟ.

★

ಗ್ರಿಂಡಾವಿಕ್ ಊರಿನ ಸುಮಾರು 3,800 ಜನ 2023ರ ನವೆಂಬರ್ 10ರ ರಾತ್ರಿ ಮನೆ ಬಿಟ್ಟು ಓಡಬೇಕಾಯಿತು. ನೆಲದಡಿ ಜ್ವಾಲಾಮುಖಿಯ ಮ್ಯಾಗ್ಮಾ (ಕರಗಿದ ಕಲ್ಲಿನ ರಸ) ನುಗ್ಗುತ್ತಿತ್ತು. ಊರಿನ ಬ್ಯಾಸ್ಕೆಟ್‌ಬಾಲ್ ತಂಡ ರಾಜಧಾನಿ ಪಕ್ಕದ ಕೋಪಾವೋಗುರ್‌ನಲ್ಲಿ ಬೇರೆಯವರ ಅಂಗಣವನ್ನೇ ತವರು ಮಾಡಿಕೊಂಡು ಆಡಿತು. ಚದುರಿಹೋದ ಊರಿನವರಿಗೆ ಒಬ್ಬರನ್ನೊಬ್ಬರು ಕಾಣಲು ಆ ಪಂದ್ಯಗಳೇ ಸಂತೆ, ಜಾತ್ರೆ. 2024ರಲ್ಲಿ ಆ ತಂಡ ಫೈನಲ್ ತಲುಪಿತು. ವಾಲುರ್ ಎದುರು 3-2ರಲ್ಲಿ ಸೋತಿತು.

★

ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಐನರ್ ಬೊಲ್ಲಾಸನ್, ಐಸ್‌ಲ್ಯಾಂಡಿನ ಹೆಸರಾಂತ ಆಟಗಾರ, ಕೋಚ್. ಇಬ್ಬರು ನಾಪತ್ತೆಯಾದ ಪ್ರಕರಣದಲ್ಲಿ, ತಾವು ಮಾಡದ ತಪ್ಪಿಗೆ 1976ರಲ್ಲಿ 105 ದಿನ ಏಕಾಂತ ಬಂಧನದಲ್ಲಿದ್ದರು. ತಪ್ಪಾಗಿ ಹೆಸರಿಸಲ್ಪಟ್ಟ ನಾಲ್ವರಲ್ಲಿ ಒಬ್ಬರು. ಬಿಡುಗಡೆಯಾಯಿತು, ಮುಂದೆ ಪರಿಹಾರವೂ ಸಿಕ್ಕಿತು. ಅದೇ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಐವರನ್ನು ಅಲ್ಲಿನ ಸುಪ್ರೀಂ ಕೋರ್ಟ್ ಖುಲಾಸೆ ಮಾಡಿದ್ದು 2018ರಲ್ಲಿ, ನಾಲ್ಕು ದಶಕ ಕಳೆದ ಮೇಲೆ. ಐನರ್ ಬಿಡುಗಡೆಯ ನಂತರ ಬ್ಯಾಸ್ಕೆಟ್‌ಬಾಲಿಗೂ ಮರಳಿದರು, ಪ್ರವಾಸಿಗರನ್ನು ಕುದುರೆಯ ಮೇಲೆ ಕರೆದೊಯ್ಯುವ ಉದ್ಯಮವನ್ನೂ ಕಟ್ಟಿದರು.

★

2015ರಲ್ಲಿ ಐಸ್‌ಲ್ಯಾಂಡ್ ಮೊದಲ ಬಾರಿ ಯುರೋಪ್ ಚಾಂಪಿಯನ್‌ಷಿಪ್ ಆಡಿತು.  ಬರ್ಲಿನ್‌ನಲ್ಲಿ ಐದಕ್ಕೆ ಐದೂ ಸೋಲು, ಕೊನೆಯದು ಟರ್ಕಿ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ. 2017ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಐದು ಸೋಲು.

ನಗಬೇಡಿ. ಭಾರತದ ಪುರುಷರ ತಂಡ ಒಲಿಂಪಿಕ್ಸ್ ಕಂಡದ್ದು ಒಂದೇ ಸಲ, 1980ರ ಮಾಸ್ಕೋ. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ.

★

ಗೋವಾದಲ್ಲಿ 2014ರ ಜನವರಿಯಲ್ಲಿ ಲೂಸೊಫೋನಿಯಾ ಕ್ರೀಡಾಕೂಟ ನಡೆದದ್ದು ನೆನಪಿದೆಯೇ? ಪೋರ್ಚುಗೀಸ್ ನುಡಿಯ ನಂಟಿನ ದೇಶಗಳ ಕೂಟ, ಬ್ಯಾಸ್ಕೆಟ್‌ಬಾಲ್ ಕೂಡ ಇತ್ತು. ಅದೇ ನಂಟಿನ ಕೇಪ್ ವರ್ಡೆ ಎಂಬ ದ್ವೀಪಗಳ ದೇಶದಲ್ಲಿ ಜನ ಐದು ಲಕ್ಷದಷ್ಟು. 2023ರಲ್ಲಿ ಅದು ಬ್ಯಾಸ್ಕೆಟ್‌ಬಾಲ್ ವಿಶ್ವಕಪ್ ಆಡಿತು. ಗೋವಾದ ಮೂರನೇ ಒಂದು ಭಾಗ ಜನ!

★

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಚಳಿಗಾಲದಲ್ಲಿ ಒಳಗೇ ಕೂತು ಬೇಸತ್ತ ವಿದ್ಯಾರ್ಥಿಗಳಿಗೆ ಕೆನಡಾ ಮೂಲದ ಮೇಷ್ಟ್ರು ಜೇಮ್ಸ್ ನೈಸ್ಮಿತ್ ಹುಡುಕಿದ ಉಪಾಯ. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಉಪ್ಪರಿಗೆಯ ಕಟಕಟೆಗೆ ಮೊಳೆ ಹೊಡೆದರು. ಕಟಕಟೆ ಹತ್ತಡಿ ಎತ್ತರದಲ್ಲಿತ್ತು. ಇಂದಿಗೂ ರಿಂಗ್ ಹತ್ತಡಿಯಲ್ಲೇ ಇದೆ! ಮೊದಲ ಪಂದ್ಯದ ಅಂತಿಮ ಸ್ಕೋರ್ 1-0.

ಮೊದಲ ಪಂದ್ಯ ಆಡಿದ 18 ಮಂದಿಯಲ್ಲಿ ಒಬ್ಬರು ಡಂಕನ್ ಪ್ಯಾಟನ್. ವೈಎಂಸಿಎ ಕೆಲಸಕ್ಕೆಂದು 1894ರಲ್ಲಿ ಭಾರತಕ್ಕೆ ಬಂದ ಇವರೇ ಈ ಆಟವನ್ನು ನಮ್ಮಲ್ಲಿಗೆ ತಂದವರು. ಆಟ ಹುಟ್ಟಿ ಮೂರೇ ವರ್ಷಕ್ಕೆ! ಇನ್ನೊಬ್ಬರು ಜಪಾನಿನ ಇಶಿಕಾವಾ. ಅವರು ಆ ಪಂದ್ಯದ ಚಿತ್ರವನ್ನೂ ಬರೆದಿಟ್ಟರು. ಒಂದೇ ಅಂಗಣದಿಂದ ಎರಡು ದೇಶಕ್ಕೆ ಹೊರಟ ಬೀಜ. ಜಪಾನಿನ ಗಿಡ ಏನಾಯಿತು ಅನ್ನುವುದನ್ನು ಬೆಂಗಳೂರೇ ಕಂಡಿದೆ, ಕೆಳಗೆ ಓದಿ.

★

ಆಟ ಹುಟ್ಟಿಸಿದ ನೈಸ್ಮಿತ್ ಕ್ಯಾನ್ಸಸ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದರು. ಗೆದ್ದದ್ದು 55, ಸೋತದ್ದು 60. ಆ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಏಕೈಕ ಕೋಚ್ ಅವರೇ.

★

ಎನ್‌ಬಿಎ ಇತಿಹಾಸದ ಅತಿ ಕಡಿಮೆ ಸ್ಕೋರು: 19-18. ಇಸವಿ 1950. ಆಗೆಲ್ಲ ತಂಡಗಳು ಚೆಂಡು ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತಿದ್ದವು. ಕಬಡ್ಡಿಯಲ್ಲಿ ರೇಡ್‌ಗೆ 30 ಸೆಕೆಂಡ್ ಇಲ್ಲದಿದ್ದರೆ ಹೇಗಿರುತ್ತಿತ್ತೋ ಹಾಗೆ. 1954ರಲ್ಲಿ 24 ಸೆಕೆಂಡಿನ ಗಡುವು ಬಂತು. ಆ 24 ಎಲ್ಲಿಂದ? 48 ನಿಮಿಷದ ಪಂದ್ಯ ಅಂದರೆ 2,880 ಸೆಕೆಂಡ್. ಚೆನ್ನಾಗಿ ನಡೆದ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಎಸೆಯುತ್ತವೆ. ಭಾಗಿಸಿ ನೋಡಿ.

★

ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಮೈಸೂರಿನ ಅರಸ, ಸ್ವತಃ ಕುಸ್ತಿಪಟುವಾಗಿದ್ದ ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರು. ಅಲ್ಲಿ 2017ರಲ್ಲೂ 2019ರಲ್ಲೂ ಏಷ್ಯಾ ಕಪ್ ಮಹಿಳಾ ಬ್ಯಾಸ್ಕೆಟ್‌ಬಾಲ್ ನಡೆಯಿತು. ಎರಡು ಸಲವೂ ಜಪಾನ್ ಚಾಂಪಿಯನ್. 2017ರ ಫೈನಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 74-73, 2019ರಲ್ಲಿ ಚೀನಾ ವಿರುದ್ಧ 71-68.

ಎರಡು ಸಲವೂ ಜಪಾನಿನ ಬೆಂಚಿನಲ್ಲಿ ನಿಂತಿದ್ದ ಕೋಚ್ ಟಾಮ್ ಹೊವಾಸ್ಸೆ. ಅಮೆರಿಕದವರು. ಆಟಗಾರನಾಗಿ ಎನ್‌ಬಿಎಯಲ್ಲಿ ಸಿಕ್ಕಿದ್ದು ಬರೀ ಎರಡು ಪಂದ್ಯ. ಜಪಾನಿಗೆ ಹೋಗಿ ಕಂಪನಿ ತಂಡಕ್ಕೆ ವರ್ಷಗಟ್ಟಲೆ ಆಡಿದರು, ಆ ನುಡಿ ಕಲಿತರು, ಕೋಚ್ ಆದರು. ಜಪಾನ್ ಹುಡುಗಿಯರು ಎತ್ತರದಲ್ಲಿ ಎದುರಾಳಿಗಳಿಗೆ ಸಾಟಿಯಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಓಟ ಹೆಚ್ಚಿಸಿದರು, ದೂರದಿಂದ ಮೂರು ಪಾಯಿಂಟ್‌ನ ಎಸೆತ ತಿದ್ದಿದರು. ಅದೇ ತಂಡ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿತು.

ಅದೇ 2017ರಲ್ಲಿ, ಅದೇ ಕಂಠೀರವದಲ್ಲಿ, ಭಾರತದ ವನಿತೆಯರು ಕೆಳಗಿನ ‘ಬಿ’ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಮಣಿಸಿದರು. ಬರೀ ಎರಡು ಪಾಯಿಂಟ್ ಅಂತರದಲ್ಲಿ ಮೇಲಿನ ವಿಭಾಗಕ್ಕೆ ಬಡ್ತಿ. ಆ ಪೀಳಿಗೆಯ ಹಿರಿಯ ಆಟಗಾರ್ತಿ ಅನಿತಾ ಪಾಲ್‌ದೊರೈ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

★

ಕರ್ನಾಟಕದ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಅನ್ನ ಕೊಟ್ಟವುಗಳಲ್ಲಿ ಬ್ಯಾಂಕೂ ಒಂದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೆ ಸ್ವಂತ ತಂಡವಿತ್ತು. ಹಗಲು ಕೌಂಟರ್, ಸಂಜೆ ಕೋರ್ಟ್. 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಪಾಸ್‌ಬುಕ್ಕಿನ ಜತೆ ಜೆರ್ಸಿಯ ಹೆಸರೂ ಬದಲಾಯಿತು.

★

ಇನ್ನು ಬಿರ್ಲಾದ ಹುಡುಗನ ಪ್ರಶ್ನೆ.

ಎನ್‌ಬಿಎ ಆಡಿದವರಲ್ಲೇ ಅತಿ ಗಿಡ್ಡ ಆಟಗಾರ ಮಗ್ಸಿ ಬೋಗ್ಸ್. ಎತ್ತರ 5 ಅಡಿ 3 ಇಂಚು. ಹದಿನಾಲ್ಕು ಸೀಸನ್ ಆಡಿದರು, ದೈತ್ಯರ ಕಾಲ ಸಂದಿಯಿಂದ ಚೆಂಡು ಕಸಿದರು. 2005ರಲ್ಲಿ ಷಾರ್ಲಟ್‌ನ ಮಹಿಳಾ ತಂಡಕ್ಕೆ ಕೋಚ್ ಕೂಡ ಆದರು. ಪೇತುರ್ ಪಕ್ಕ ನಿಂತರೆ ಎದೆಯ ಮಟ್ಟ.

ಇದನ್ನು ಹೇಳಿದೆ. ಹುಡುಗ ಗೋಡೆಗೆ ಒರಗಿ ನಿಂತು, ನೆತ್ತಿಯ ಮೇಲೆ ಅಂಗೈ ಇಟ್ಟು, ಒಂದು ಗೀಟು ಎಳೆದ. ಅಳೆದು ನೋಡಿದ. ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

“ಕಾಕಾ, ಹಂಗಾರ ನಮ್ಮಪ್ಪ ಮಗ್ಸಿಕಿಂತ ಎರಡಿಂಚು ಎತ್ತರ ಅದಾನ್ರೀ,” ಅಂದವನೇ ಮನೆ ಕಡೆ ಓಡಿದ.